ಮಂಕಾದ ಬಣ್ಣಕ್ಕೆ ಮರಳಿ ಹೊಳಪು

ವಾಹನದ ಬಣ್ಣ ಮೈಯೆಲ್ಲ ಒಂದೇ ಸಮನೆ ಮಂಕಾಗುವುದಿಲ್ಲ. ಕಾರಿನಲ್ಲಿ ಮೊದಲು ಕಳೆಗುಂದುವುದು ಬಾನೆಟ್, ಟಾಪ್ ಮತ್ತು ಡಿಕ್ಕಿಯ ಮುಚ್ಚಳ. ಬೈಕಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ. ಬಾಗಿಲುಗಳೂ ಪಕ್ಕದ ಮಡ್‌ಗಾರ್ಡುಗಳೂ ಆ ಸ್ಥಿತಿಗೆ ಬರಲು ಇನ್ನಷ್ಟು ವರ್ಷ ಬೇಕು. ಆಕಾಶಕ್ಕೆ ಮುಖ ಮಾಡಿದ ತಗಡಿನ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ಇಬ್ಬನಿ, ಧೂಳು, ಹಕ್ಕಿಯ ಹಿಕ್ಕೆ ನಿಲ್ಲುವುದೂ ಅಲ್ಲೇ. ಹದಿನೈದಿಪ್ಪತ್ತು ವರ್ಷದ ಕಾರಿನ ಬಾಗಿಲು ತೆರೆದು, ಬಾಗಿಲು ಮುಚ್ಚಿದಾಗ ಮರೆಯಾಗುವ ಅಂಚನ್ನು ನೋಡಿದರೆ ಕಾರ್ಖಾನೆಯಿಂದ ಬಂದ ದಿನದ ಬಣ್ಣ ಅಲ್ಲಿ ಹಾಗೇ ಉಳಿದಿರುತ್ತದೆ. ಅದನ್ನೂ ಬಾನೆಟ್ಟನ್ನೂ ಹೋಲಿಸಿದರೆ ಎಷ್ಟು ಕಳೆದುಹೋಗಿದೆ, ಎಷ್ಟನ್ನು ಮರಳಿ ಪಡೆಯಲು ಪ್ರಯತ್ನಿಸಬೇಕು ಎಂಬ ಅಂದಾಜು ಸಿಗುತ್ತದೆ.

ಬಣ್ಣದಲ್ಲಿ ಮುಖ್ಯವಾಗಿ ಎರಡು ವಸ್ತುಗಳಿರುತ್ತವೆ. ಒಂದು, ಬಣ್ಣ ಕೊಡುವ ಸೂಕ್ಷ್ಮವಾದ ವರ್ಣಕಣಗಳು. ಇನ್ನೊಂದು, ಆ ಕಣಗಳನ್ನು ಹಿಡಿದಿಟ್ಟುಕೊಂಡು ತಗಡಿಗೆ ಅಂಟಿಸುವ ರಾಳ. ಹೊಳಪು ಬರುವುದು ರಾಳದಿಂದ. ಒಣಗಿ ಗಟ್ಟಿಯಾದ ರಾಳದ ಮೇಲ್ಮೈ ನುಣುಪಾಗಿರುವವರೆಗೆ ಬೆಳಕು ಅಲ್ಲಿಂದ ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ, ಎದುರಿನ ಮರದ ಪ್ರತಿಬಿಂಬ ಬಾನೆಟ್ಟಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸೂರ್ಯನ ನೇರಳಾತೀತ ಕಿರಣಗಳು ಈ ರಾಳದ ಅಣುಸರಪಳಿಯನ್ನು ಅಲ್ಲಲ್ಲಿ ಕಡಿಯುತ್ತವೆ. ಕಡಿದ ತುದಿಗಳು ಗಾಳಿಯ ಆಮ್ಲಜನಕದೊಡನೆ ಸೇರಿಕೊಳ್ಳುತ್ತವೆ, ಅದರಿಂದ ಪಕ್ಕದ ಸರಪಳಿಗಳೂ ಮುರಿಯತೊಡಗುತ್ತವೆ. ಇದಕ್ಕೆ ಉತ್ಕರ್ಷಣ ಎನ್ನುತ್ತಾರೆ. ಶಾಖವೂ ತೇವವೂ ಅದಕ್ಕೆ ವೇಗ ಕೊಡುತ್ತವೆ. ಬೇಸಿಗೆಯ ಮಧ್ಯಾಹ್ನ ಕಪ್ಪು ಕಾರಿನ ತಗಡು 70 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯಬಲ್ಲದು. ಕೊನೆಗೆ ಮೇಲ್ಪದರದ ರಾಳ ಪುಡಿಪುಡಿಯಾಗಿ, ಹಿಡಿತ ತಪ್ಪಿದ ವರ್ಣಕಣಗಳು ಮೇಲೆ ಸಡಿಲವಾಗಿ ಕೂರುತ್ತವೆ. ಕೈ ಸವರಿದರೆ ಸುಣ್ಣ ಬಳಿದ ಗೋಡೆಯಿಂದ ಬರುವಂತೆ ಪುಡಿ ಬೆರಳಿಗೆ ಮೆತ್ತುತ್ತದೆ. ಒರಟಾದ ಈ ಮೇಲ್ಮೈಯಿಂದ ಬೆಳಕು ದಿಕ್ಕುದಿಕ್ಕಿಗೆ ಚದುರುವುದರಿಂದ ಬಣ್ಣವೇ ಬಿಳಿಚಿಕೊಂಡಂತೆ ಕಾಣುತ್ತದೆ.

ಎಲ್ಲ ಬಣ್ಣಗಳೂ ಒಂದೇ ರೀತಿ ಕೆಡುವುದಿಲ್ಲ. ಬಿಳಿಗೆ ಬಳಸುವ ಟೈಟಾನಿಯಂ ಡೈಆಕ್ಸೈಡ್ ನೇರಳಾತೀತ ಕಿರಣವನ್ನು ಹೀರಿ ತನ್ನ ಸುತ್ತಲಿನ ರಾಳವನ್ನು ತಾನೇ ಕೆಡಿಸಬಲ್ಲದು. ಅದರ ಒಂದು ಸ್ಫಟಿಕರೂಪವಾದ ಅನಾಟೇಸ್ ಈ ವಿಷಯದಲ್ಲಿ ಹೆಚ್ಚು ಅಪಾಯಕಾರಿ. ಆದ್ದರಿಂದ ಹೊರಮೈ ಬಣ್ಣಗಳಿಗೆ ರೂಟೈಲ್ ಎಂಬ ಇನ್ನೊಂದು ರೂಪವನ್ನು, ಅದಕ್ಕೂ ಅಲ್ಯೂಮಿನಾ ಅಥವಾ ಸಿಲಿಕಾದ ತೆಳು ಹೊದಿಕೆ ಕೊಟ್ಟು, ಬಳಸುತ್ತಾರೆ. ಬಿಳಿ ಕಾರು ಪುಡಿ ಬಿಟ್ಟರೂ ಬಿಳಿಯಾಗಿಯೇ ಇರುವುದರಿಂದ ಅದರ ಕೇಡು ಬೇಗ ಕಣ್ಣಿಗೆ ಬೀಳುವುದಿಲ್ಲ. ಕೆಂಪಿನ ಕಥೆ ಬೇರೆ. ಹಳೆಯ ಕೆಂಪು ಬಣ್ಣಗಳಲ್ಲಿ ಬಳಸುತ್ತಿದ್ದ ಹಲವು ಇಂಗಾಲಮೂಲದ ವರ್ಣಕಣಗಳು ಬಿಸಿಲಿಗೆ ತಾವೇ ಬಣ್ಣ ಕಳೆದುಕೊಳ್ಳುತ್ತವೆ. ರಾಳ ಪುಡಿಯಾಗುವುದು, ವರ್ಣಕಣ ಮಾಸುವುದು ಎರಡೂ ಕೂಡಿ ಕೆಂಪು ಕಾರು ನಸುಗುಲಾಬಿಗೆ ತಿರುಗುತ್ತದೆ. ಕಪ್ಪು ಮತ್ತು ಕಡುನೀಲಿ ಬಣ್ಣಗಳು ಬೂದು ಹಿಡಿದಂತೆ ಕಾಣುತ್ತವೆ, ಸಣ್ಣ ಗೀರುಗಳೂ ಅವುಗಳಲ್ಲಿ ಎದ್ದು ಕಾಣುತ್ತವೆ.

ಮರುಹೊಳಪು ಕೊಡುವ ಕೆಲಸಕ್ಕೆ ಕೈಹಾಕುವ ಮೊದಲು ವಾಹನಕ್ಕೆ ಯಾವ ಬಗೆಯ ಬಣ್ಣ ಬಳಿದಿದೆ ಎಂಬುದನ್ನು ತಿಳಿಯಲೇಬೇಕು. 1920ರ ದಶಕದಲ್ಲಿ ಬಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬೇಗ ಒಣಗುತ್ತಿತ್ತು, ಆದರೆ ಬೇಗ ಮಂಕಾಗುತ್ತಿತ್ತು. ಅದರ ಹಿಂದೆಯೇ ಎನಾಮಲ್ ಬಣ್ಣಗಳು, ಆಮೇಲೆ ಅಕ್ರಿಲಿಕ್, ಇನ್ನೂ ಈಚೆಗೆ ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣಗಳು ಬಂದವು. ಹಳೆಯ ಪದ್ಧತಿಯಲ್ಲಿ ಪ್ರೈಮರಿನ ಮೇಲೆ ಬಣ್ಣದ ಪದರವೇ ಕೊನೆಯದು. ಬಿಸಿಲು ಮಳೆಗೆ ಅದೇ ನೇರವಾಗಿ ಒಡ್ಡಿಕೊಳ್ಳಬೇಕು. 1980ರ ದಶಕದಲ್ಲಿ ಜಗತ್ತಿನಾದ್ಯಂತ ಹರಡಿದ ಇನ್ನೊಂದು ಪದ್ಧತಿಯಲ್ಲಿ ಬಣ್ಣದ ತೆಳು ಪದರದ ಮೇಲೆ ಬಣ್ಣವಿಲ್ಲದ, ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಪ್ರೀಮಿಯರ್ ಪದ್ಮಿನಿ, 1958ರಿಂದ 2014ರವರೆಗೆ ತಯಾರಾದ ಅಂಬಾಸಡರ್, 1983ರ ಕೊನೆಗೆ ರಸ್ತೆಗಿಳಿದ ಮಾರುತಿ 800ರ ಮೊದಲ ಪೀಳಿಗೆ, ಬಜಾಜ್ ಚೇತಕ್, ಜಾವಾ ಮತ್ತು ಯೆಜ್ದಿ ಬೈಕುಗಳು – ಇಂಥ ಹಳೆಯ ವಾಹನಗಳ ಸಾದಾ ಬಣ್ಣಗಳು ಬಹುಮಟ್ಟಿಗೆ ಒಂದೇ ಪದರದವು. ಮಿನುಗುವ ಮೆಟಾಲಿಕ್ ಬಣ್ಣದ ಕಾರಾಗಿದ್ದರೆ ಸಾಮಾನ್ಯವಾಗಿ ಕ್ಲಿಯರ್ ಕೋಟ್ ಇರುತ್ತದೆ.

ಇದನ್ನು ಕಂಡುಹಿಡಿಯಲು ಅಂಗಡಿಗೆ ಹೋಗಬೇಕಿಲ್ಲ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ, ಶುಚಿಯಾದ ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ ಉಜ್ಜಿ ನೋಡಬೇಕು. ಬಟ್ಟೆಗೆ ವಾಹನದ ಬಣ್ಣ ಹತ್ತಿದರೆ ಅದು ಒಂದೇ ಪದರದ ಬಣ್ಣ. ಹತ್ತದೆ, ಬರೀ ಬೂದುಬೂದಾಗಿ ಕೊಳೆ ಮಾತ್ರ ಬಂದರೆ ಮೇಲೆ ಕ್ಲಿಯರ್ ಕೋಟ್ ಇದೆ. ಬಿಳಿ ವಾಹನಕ್ಕೆ ಕಪ್ಪು ಬಟ್ಟೆ ಬಳಸಿದರೆ ಫಲಿತಾಂಶ ಸ್ಪಷ್ಟವಾಗಿ ತಿಳಿಯುತ್ತದೆ.

ಎರಡನೆಯ ಪರೀಕ್ಷೆ ನೀರಿನದು. ಮಂಕಾದ ಜಾಗದ ಮೇಲೆ ನೀರು ಚಿಮುಕಿಸಿದಾಗ ಹಳೆಯ ಬಣ್ಣ ಕಣ್ಣೆದುರೇ ಮರಳಿ ಬಂದರೆ ಆಸೆ ಇಟ್ಟುಕೊಳ್ಳಬಹುದು. ನೀರು ಒರಟುತನವನ್ನು ತುಂಬಿ ಮೇಲ್ಮೈಯನ್ನು ಆ ಹೊತ್ತಿಗೆ ನುಣುಪು ಮಾಡಿದೆ. ಪಾಲಿಶ್ ಅದನ್ನೇ ಶಾಶ್ವತವಾಗಿ ಮಾಡಬೇಕು. ಒದ್ದೆಯಾದ ಮೇಲೂ ಬಿಳಿ ಮಚ್ಚೆ ಮಚ್ಚೆಯಾಗಿಯೇ ಕಂಡರೆ, ಅಂಚುಗಳಲ್ಲಿ ಪದರ ಎದ್ದು ಉಗುರಿಗೆ ಸಿಪ್ಪೆ ಸುಲಿದು ಬಂದರೆ, ಕ್ಲಿಯರ್ ಕೋಟೇ ಕೆಳಗಿನ ಬಣ್ಣವನ್ನು ಬಿಟ್ಟು ಎದ್ದಿದೆ. ಅಂಥ ಜಾಗವನ್ನು ಕಾಂಪೌಂಡ್ ಎಂಬ ಒರಟು ಪಾಲಿಶೂ ಸರಿಮಾಡುವುದಿಲ್ಲ. ಉಜ್ಜಿದಷ್ಟೂ ಸಿಪ್ಪೆ ದೊಡ್ಡದಾಗುತ್ತದೆ. ಬಣ್ಣದ ಆಳಕ್ಕಿಳಿದ ಬಿರುಕುಗಳಿಗೂ, ಒಳಗಿನಿಂದ ತುಕ್ಕು ತಳ್ಳಿ ಎಬ್ಬಿಸಿದ ಗುಳ್ಳೆಗಳಿಗೂ ಇದೇ ಮಾತು. ಪಾಲಿಶ್ ಮಾಡುವವರು ಎಷ್ಟೇ ಭರವಸೆ ಕೊಟ್ಟರೂ ಇಂಥ ಕಡೆ ಹಣ ಸುರಿಯುವುದು ವ್ಯರ್ಥ.

ಹಳೆಯ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಎಂದೋ ಗುದ್ದಿಸಿ, ಟಿಂಕರಿಂಗ್ ಮಾಡಿಸಿ, ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆಸಿದ ಭಾಗ ಯಾವುದೆಂದು ಈಗಿನ ಮಾಲೀಕರಿಗೆ ಗೊತ್ತಿರುವುದಿಲ್ಲ. ಮೆತ್ತನೆ ಬಟ್ಟೆ ಸುತ್ತಿದ ಆಯಸ್ಕಾಂತವನ್ನು ತಗಡಿನ ಮೇಲೆ ಆಡಿಸಿದರೆ, ದಪ್ಪ ಪುಟ್ಟಿ ಇರುವಲ್ಲಿ ಹಿಡಿತ ಸಡಿಲವಾಗುತ್ತದೆ. ಡಿಟೇಲಿಂಗ್ ಕೆಲಸದವರ ಬಳಿ ಬಣ್ಣದ ದಪ್ಪ ಅಳೆಯುವ ಮೀಟರ್ ಇರುತ್ತದೆ. ಕಾರ್ಖಾನೆಯ ಬಣ್ಣ, ಪ್ರೈಮರು ಸೇರಿ, ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತದೆ. 1,000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಮೀಟರು 300 ಅಥವಾ 400 ತೋರಿಸಿದರೆ ಅಲ್ಲಿ ಮತ್ತೆ ಬಣ್ಣ ಬಿದ್ದಿದೆ; ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ. ಇದಕ್ಕಿಂತ ಹೆಚ್ಚಿನ ಎಚ್ಚರಿಕೆಯ ಸೂಚನೆ ಎಂದರೆ 70–80ಕ್ಕಿಂತ ಕಡಿಮೆ ಬರುವ ಅಂಕಿ. ಆ ಭಾಗವನ್ನು ಹಿಂದೆ ಯಾರೋ ಅತಿಯಾಗಿ ಉಜ್ಜಿದ್ದಾರೆ.

ಪಾಲಿಶ್ ಎಂದರೆ ಏನನ್ನೋ ಮೇಲೆ ಹಚ್ಚುವುದು ಎಂಬ ನಂಬಿಕೆ ವ್ಯಾಪಕವಾಗಿದೆ. ಕೆಲಸ ನಡೆಯುವುದು ಇದಕ್ಕೆ ಉಲ್ಟಾ. ಪಾಲಿಶಿನಲ್ಲಿರುವ ಅತಿ ಸಣ್ಣ ಅಲ್ಯೂಮಿನಿಯಂ ಆಕ್ಸೈಡ್ ಕಣಗಳು ಕೆಟ್ಟ ಮೇಲ್ಪದರವನ್ನು ಸವೆಸಿ ತೆಗೆಯುತ್ತವೆ, ಕೆಳಗಿನ ಗಟ್ಟಿ ಬಣ್ಣ ಹೊರಗೆ ಬರುತ್ತದೆ. ಮರಳಿ ಬಂದ ಹೊಳಪಿಗೆ ಬೆಲೆಯಾಗಿ ಒಂದಷ್ಟು ಬಣ್ಣ ಹೋಗಿರುತ್ತದೆ, ಅದು ಮತ್ತೆ ಹುಟ್ಟುವುದಿಲ್ಲ. ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ತಲೆಗೂದಲ ಸರಾಸರಿ ದಪ್ಪ ಅದಕ್ಕಿಂತ ಹೆಚ್ಚು. ಕ್ಲಿಯರ್ ಕೋಟಿನಲ್ಲಿ ಬೆರೆಸಿರುವ ನೇರಳಾತೀತ ನಿರೋಧಕಗಳು ಕೆಳಗಿನ ಬಣ್ಣವನ್ನು ಕಾಯುತ್ತವೆ, ಪದರ ತೆಳುವಾದಷ್ಟೂ ಆ ಕಾವಲು ಕುಗ್ಗುತ್ತದೆ. ವಾಹನದ ಇಡೀ ಆಯುಷ್ಯದಲ್ಲಿ ಕ್ಲಿಯರ್ ಕೋಟಿನಿಂದ 8 ಮೈಕ್ರಾನ್‌ಗಿಂತ ಹೆಚ್ಚು ತೆಗೆಯಬಾರದೆಂಬುದು ಅನುಭವಿಗಳು ಪಾಲಿಸುವ ಮಿತಿ. ಜೋರಾಗಿ ಕಾಂಪೌಂಡ್ ಹೊಡೆದ ಒಂದು ಸುತ್ತಿಗೇ ಇದರಲ್ಲಿ ಒಂದೆರಡು ಮೈಕ್ರಾನ್ ಅಥವಾ ಇನ್ನೂ ಹೆಚ್ಚು ಖರ್ಚಾಗುತ್ತದೆ. ವರ್ಷಕ್ಕೆರಡು ಸಲ ಸರ್ವೀಸಿನ ಜತೆಗೇ ರಬ್ಬಿಂಗ್ ಮಾಡಿಸುವ ರೂಢಿ ಅದಕ್ಕೇ ಕೆಟ್ಟದ್ದು.

ಕೆಲಸ ತೊಳೆಯುವುದರಿಂದ ಶುರುವಾಗುತ್ತದೆ, ತೊಳೆಯುವುದರಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಕೆಡುತ್ತದೆ. ವಾಹನ ನೆರಳಿನಲ್ಲಿರಬೇಕು, ತಗಡು ಕೈಗೆ ತಣ್ಣಗಿರಬೇಕು. ಮೊದಲು ಬರೀ ನೀರು ಹಾಯಿಸಿ ಮಣ್ಣು ಮರಳನ್ನೆಲ್ಲ ಇಳಿಸಿ, ಆಮೇಲೆ ಕಾರ್ ಶಾಂಪೂ ಹಾಕಿದ ಬಕೆಟ್ ಒಂದು, ಬಟ್ಟೆ ಹಿಂಡಿಕೊಳ್ಳಲು ಶುದ್ಧ ನೀರಿನ ಬಕೆಟ್ ಇನ್ನೊಂದು ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಸಂಡೂರು–ಹೊಸಪೇಟೆ ಕಡೆಯ ವಾಹನಗಳ ಮೇಲೆ ಕೂರುವ ಕೆಂಪು ಅದಿರಿನ ಧೂಳು, ಕಲ್ಲುಕ್ವಾರಿಗಳ ಸುತ್ತಲಿನ ಗ್ರಾನೈಟ್ ಪುಡಿ ಬಣ್ಣಕ್ಕಿಂತ ಬಹಳ ಗಟ್ಟಿ. ಅದನ್ನು ನೀರಿನಲ್ಲಿ ಇಳಿಸದೆ ಬಟ್ಟೆಯಿಂದ ಒರೆಸಿದರೆ ಒಂದೊಂದು ಕಣವೂ ಒಂದೊಂದು ಗೀರು ಎಳೆಯುತ್ತದೆ. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ತೊಳೆದ ನೀರು ಮೈಮೇಲೆಯೇ ಆರಲು ಬಿಡಬಾರದು. ಒಣಗಿದ ಹನಿಯ ಸುಣ್ಣದಂಶ ಬಿಳಿ ಉಂಗುರವಾಗಿ ಕಚ್ಚಿಕೊಂಡು, ಬಿಸಿಲಿಗೆ ಬಣ್ಣದೊಳಕ್ಕೇ ಇಳಿಯುತ್ತದೆ. ಹೊಸದಾಗಿ ಕೂತ ಉಂಗುರಗಳು ನೀರು ಬೆರೆಸಿದ ಬಿಳಿ ವಿನೆಗರ್ ಸವರಿ ಕೂಡಲೇ ತೊಳೆದರೆ ಬಿಡುತ್ತವೆ.

ತೊಳೆದ ಮೇಲೂ ಅಂಗೈ ಸವರಿದಾಗ ಮರಳು ತಾಗಿದಂತೆ ಒರಟು ಸಿಕ್ಕರೆ, ಬಣ್ಣಕ್ಕೆ ನೆಟ್ಟುಕೊಂಡ ಕಶ್ಮಲ ಇನ್ನೂ ಇದೆ ಎಂದರ್ಥ. ರಸ್ತೆಯ ಟಾರಿನ ಚುಕ್ಕೆಗಳನ್ನು ಬಟ್ಟೆಗೆ ತುಸು ಸೀಮೆಎಣ್ಣೆ ತಾಗಿಸಿ ಬಿಡಿಸಿ, ಆ ಜಾಗವನ್ನು ಮತ್ತೆ ಶಾಂಪೂವಿನಿಂದ ತೊಳೆಯಬಹುದು. ಬ್ರೇಕಿನಿಂದ, ರೈಲುಹಳಿಯ ಬದಿಯಿಂದ ಹಾರಿ ಬಂದು ಚುಚ್ಚಿಕೊಂಡ ಕಬ್ಬಿಣದ ಸಣ್ಣ ಕಣಗಳಿಗೆ ಬೇರೆಯೇ ದ್ರಾವಣ ಸಿಗುತ್ತದೆ. ಕಬ್ಬಿಣದ ಜತೆ ಪ್ರತಿಕ್ರಿಯಿಸಿದಾಗ ಅದು ನೇರಳೆ ಬಣ್ಣಕ್ಕೆ ತಿರುಗುವುದರಿಂದ ಎಲ್ಲೆಲ್ಲಿ ಕಣಗಳಿವೆ ಎಂಬುದು ಕಾಣುತ್ತದೆ. ಉಳಿದದ್ದಕ್ಕೆ ಕ್ಲೇ ಬಾರ್ ಇದೆ. ಇದು ಜೇಡಿಯಂತೆ ಮೆದುವಾದ, ಕೃತಕವಾಗಿ ಮಾಡಿದ ಮುದ್ದೆ. ಶಾಂಪೂ ನೀರು ಚಿಮುಕಿಸಿ, ಅದನ್ನು ಒತ್ತದೆ ಹಗುರವಾಗಿ ಜಾರಿಸಿದರೆ ಮೇಲೆ ಚಾಚಿಕೊಂಡ ಕೊಳೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಆಗಾಗ ಮಡಿಸಿ ನಾದಿ ಹೊಸ ಮುಖ ತೆಗೆಯಬೇಕು. ನೆಲಕ್ಕೆ ಬಿದ್ದ ಕ್ಲೇ ಬಾರನ್ನು ಎಸೆಯಲೇಬೇಕು. ಹತ್ತಿಕೊಂಡ ಮಣ್ಣನ್ನು ಅದರಿಂದ ಬಿಡಿಸಲು ಸಾಧ್ಯವಿಲ್ಲ.

ಒಣಗಿಸಿದ ಮೇಲೆ ರಬ್ಬರ್ ಬೀಡಿಂಗು, ಕಪ್ಪು ಪ್ಲಾಸ್ಟಿಕ್, ಸ್ಟಿಕ್ಕರು, ಬ್ಯಾಡ್ಜುಗಳನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಬೇಕು. ಬಾನೆಟ್ಟಿನ ಮತ್ತು ಬಾಗಿಲಿನ ಚೂಪು ಅಂಚುಗಳಿಗೂ ಟೇಪ್ ಬೇಕು. ಬಣ್ಣ ಹೊಡೆಯುವಾಗ ಅಂಚಿನಲ್ಲಿ ಅದು ತೆಳುವಾಗಿಯೇ ಕೂರುತ್ತದೆ, ಯಂತ್ರದ ಒತ್ತಡವೆಲ್ಲ ಅಲ್ಲಿಗೇ ಬೀಳುತ್ತದೆ. ಬಫಿಂಗಿನಲ್ಲಿ ಪ್ರೈಮರು ಕಾಣಿಸಿಕೊಂಡ ವಾಹನಗಳನ್ನು ನೋಡಿದರೆ ಹೆಚ್ಚಿನವು ಕೆಟ್ಟಿರುವುದು ಅಂಚಿನಲ್ಲೇ.

ಇನ್ನು ಮುಖ್ಯ ಕೆಲಸ. ಇಡೀ ಕಾರಿಗೆ ಕೈಹಾಕದೆ, ಬಾನೆಟ್ಟಿನ ಒಂದು ಮೂಲೆಯಲ್ಲಿ ಎರಡು ಅಡಿ ಚೌಕ ಟೇಪ್ ಹಾಕಿ ಪ್ರಯೋಗ ಮಾಡಬೇಕು. ಮೊದಲು ಅತಿ ಮೆದುವಾದ ಪ್ಯಾಡು, ಅತಿ ನಯವಾದ ಪಾಲಿಶು. ಸಾಕಾಗದಿದ್ದರೆ ಒಂದು ಮೆಟ್ಟಿಲು ಒರಟು, ಅದೂ ಸಾಲದಿದ್ದರೆ ಕಟಿಂಗ್ ಕಾಂಪೌಂಡ್. ಗೆದ್ದ ಮೆಟ್ಟಿಲನ್ನೇ ಉಳಿದ ಭಾಗಕ್ಕೆಲ್ಲ ಬಳಸಬೇಕು. ಗ್ಯಾರೇಜುಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಇದರ ತಿರುಗುಮುರುಗು: ಡಬ್ಬಿಯಲ್ಲಿರುವ ಅತಿ ಒರಟು ಕಾಂಪೌಂಡನ್ನೇ ಎಲ್ಲ ಕಾರಿಗೂ ಹಾಕುತ್ತಾರೆ, ಬೇಗ ಮುಗಿಯುತ್ತದೆ ಎಂದು. ವಾಹನದ ಮಾಲೀಕರು ಪಕ್ಕದಲ್ಲಿ ನಿಂತು, ಪ್ರಯೋಗದ ಚೌಕವನ್ನು ಮೊದಲು ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಪಡಬೇಕಾದದ್ದಿಲ್ಲ.

ಯಂತ್ರಗಳಲ್ಲಿ ಎರಡು ಬಗೆ. ರೋಟರಿ ಯಂತ್ರದ ಪ್ಯಾಡು ಒಂದೇ ಅಕ್ಷದ ಸುತ್ತ ತಿರುಗುತ್ತದೆ. ವೇಗವಾಗಿ ಕೊಯ್ಯುತ್ತದೆ, ಅಷ್ಟೇ ವೇಗವಾಗಿ ಶಾಖವನ್ನೂ ಎಬ್ಬಿಸುತ್ತದೆ. ಒಂದೇ ಜಾಗದಲ್ಲಿ ಕ್ಷಣ ಹೊತ್ತು ನಿಲ್ಲಿಸಿದರೂ ಬಣ್ಣ ಸುಟ್ಟು ಹೋಗಬಹುದು, ವೃತ್ತಾಕಾರದ ಗುರುತುಗಳನ್ನೂ ಬಿಡಬಹುದು. ಪಳಗಿದ ಕೈಯಲ್ಲಿ ನಿಮಿಷಕ್ಕೆ 1,000ದಿಂದ 1,500 ಸುತ್ತಿನ ಮಿತಿಯಲ್ಲಿ ಅದು ಒಳ್ಳೆಯ ಸಾಧನವೇ. ಡಿಎ ಎಂದು ಕರೆಯುವ ಇನ್ನೊಂದು ಯಂತ್ರದಲ್ಲಿ ಪ್ಯಾಡು ತಿರುಗುತ್ತಲೇ ಓಲಾಡುತ್ತದೆ. ಒತ್ತಡ ಹೆಚ್ಚಾದರೆ ತಿರುಗುವುದನ್ನೇ ನಿಲ್ಲಿಸುವುದರಿಂದ ಹೊಸಬರಿಗೆ ಇದೇ ಸುರಕ್ಷಿತ. ಮನೆಯ ಡ್ರಿಲ್ ಯಂತ್ರಕ್ಕೋ ಕಬ್ಬಿಣ ಕತ್ತರಿಸುವ ಗ್ರೈಂಡರಿಗೋ ಪ್ಯಾಡು ಸಿಕ್ಕಿಸಿ ಪಾಲಿಶ್ ಮಾಡುವುದನ್ನು ಖಂಡಿತ ಬಿಡಬೇಕು. ಗ್ರೈಂಡರಿನ ವೇಗ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು.

ಪ್ಯಾಡಿಗೆ ಬಟಾಣಿ ಕಾಳಿನಷ್ಟು ಪಾಲಿಶಿನ ನಾಲ್ಕೈದು ಹನಿ ಸಾಕು. ಮೊದಲು ಯಂತ್ರ ಚಾಲೂ ಮಾಡದೆ ಚೌಕದ ತುಂಬ ಅದನ್ನು ಹರಡಿ, ಆಮೇಲೆ ನಿಧಾನವಾಗಿ, ಒಂದು ಪಟ್ಟೆಯ ಅರ್ಧ ಇನ್ನೊಂದರ ಮೇಲೆ ಬರುವಂತೆ ಅಡ್ಡಕ್ಕೂ ಉದ್ದಕ್ಕೂ ಸಾಗಿಸಬೇಕು. ಆಗಾಗ ಅಂಗೈ ಇಟ್ಟು ನೋಡಬೇಕು. ಬೆಚ್ಚಗಾದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಬೇಕು. ಬಂಪರುಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ತಗಡು ಶಾಖವನ್ನು ಹರಡಿಬಿಡುತ್ತದೆ, ಪ್ಲಾಸ್ಟಿಕ್ ಹಾಗೆ ಮಾಡುವುದಿಲ್ಲ. ಯಂತ್ರವಿಲ್ಲದವರು ಕೈಯಿಂದಲೂ ಮಾಡಬಹುದು. ಒಂದೇ ಪದರದ ಹಳೆಯ ಮೆದು ಬಣ್ಣ ಕೈಯ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ತೋಳು ನೋಯುತ್ತದೆ, ದಿನವಿಡೀ ಹಿಡಿಯುತ್ತದೆ, ಆದರೆ ಅತಿಯಾಗಿ ಉಜ್ಜಿ ಕೆಡಿಸುವ ಭಯ ಕಡಿಮೆ. ಕ್ಲಿಯರ್ ಕೋಟ್ ಗಟ್ಟಿಯಾದ್ದರಿಂದ ಕೈಬಲ ಅಲ್ಲಿ ಸಾಮಾನ್ಯವಾಗಿ ಸಾಲುವುದಿಲ್ಲ.

ಒಂದೇ ಪದರದ ಬಣ್ಣಕ್ಕೆ ಪಾಲಿಶ್ ಹಾಕುವಾಗ ಪ್ಯಾಡು ಕೆಂಪಗೋ ನೀಲಿಯಾಗಿಯೋ ಆಗುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಸತ್ತ ಬಣ್ಣ ಬರುತ್ತಿರುವುದು ಹಾಗೆಯೇ. ಆದರೆ ಆ ಪುಡಿ ಪ್ಯಾಡಿನಲ್ಲಿ ಗಟ್ಟಿಕಟ್ಟಿ ಮೇಲ್ಮೈಯನ್ನು ಗೀರುವುದರಿಂದ, ಪ್ರತಿ ಚೌಕಕ್ಕೊಮ್ಮೆ ಬ್ರಷ್ಷಿನಿಂದ ಪ್ಯಾಡನ್ನು ಶುಚಿ ಮಾಡಬೇಕು, ನಾಲ್ಕಾರು ಪ್ಯಾಡು ಇಟ್ಟುಕೊಳ್ಳಬೇಕು. ತೀರ ಒಣಗಿದ ಹಳೆಯ ಬಣ್ಣಕ್ಕೆ ನೇರವಾಗಿ ಕಾಂಪೌಂಡ್ ಹಾಕುವುದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ಅಪಘರ್ಷಕ ಕಣಗಳಿಲ್ಲದ, ಎಣ್ಣೆಯಂಶ ಹೆಚ್ಚಿರುವ ಗ್ಲೇಜ್ ಎಂಬ ಪಾಲಿಶನ್ನು ಟವೆಲ್ ಬಟ್ಟೆಯಿಂದ ದಟ್ಟವಾಗಿ ತಿಕ್ಕಿ, ರಾತ್ರಿಯೆಲ್ಲ ಬಿಟ್ಟು, ಮರುದಿನ ಒರೆಸಿ ಮತ್ತೊಮ್ಮೆ ಹಾಕಬೇಕು. ಎಣ್ಣೆ ರಂಧ್ರಮಯವಾದ ಬಣ್ಣದೊಳಗೆ ಇಳಿದು ಕಳೆ ಏರಿಸುತ್ತದೆ, ಟವೆಲ್ಲಿನ ನೂಲೇ ಸತ್ತ ಪದರವನ್ನು ಹಗುರಾಗಿ ಕಳಚುತ್ತದೆ. ಇದಾದ ಮೇಲೆ ನಯವಾದ ಪಾಲಿಶಿನ ಒಂದು ಸುತ್ತು ಸಾಕಾಗುವುದುಂಟು. ಹೆಚ್ಚು ಬಣ್ಣ ಕಳೆದುಕೊಳ್ಳದೆ ಹೊಳಪು ಪಡೆಯುವ ಈ ದಾರಿ ನಿಧಾನದ್ದು, ಹಳೆಯ ವಾಹನಗಳಿಗೆ ಅತ್ಯುತ್ತಮವಾದದ್ದೂ ಹೌದು. ಕ್ಲಿಯರ್ ಕೋಟಿಗೆ ಇದರಿಂದ ಹೆಚ್ಚಿನ ಉಪಯೋಗವಿಲ್ಲ.

ವಾಟರ್ ಪೇಪರ್ ಹಾಕಿ ತಿಕ್ಕುವುದು ಕಟ್ಟಕಡೆಯ ಅಸ್ತ್ರ. 2000 ಅಥವಾ 3000 ನಂಬರಿನ ಕಾಗದವನ್ನು ನೀರಿನಲ್ಲಿ ನೆನೆಸಿ, ರಬ್ಬರ್ ತುಂಡಿಗೆ ಸುತ್ತಿ, ನೀರು ಹನಿಸುತ್ತ ತಿಕ್ಕಿದರೆ ಕಾಂಪೌಂಡಿಗೆ ಬಗ್ಗದ ಪದರವೂ ಹೋಗುತ್ತದೆ. ಅದು ತೆಗೆಯುವ ಬಣ್ಣ ಪಾಲಿಶ್ ತೆಗೆಯುವುದಕ್ಕಿಂತ ಹೆಚ್ಚು, ಬಿಟ್ಟ ಗೀರುಗಳನ್ನು ಅಳಿಸಲು ಮತ್ತೆ ಕಾಂಪೌಂಡ್ ಬೇಕು. ಮೀಟರಿನಲ್ಲಿ ದಪ್ಪ ನೋಡದೆ ಕಾರ್ಖಾನೆ ಬಣ್ಣದ ಮೇಲೆ ಇದನ್ನು ಮಾಡಲು ಬಿಡಬಾರದು. ಹಳೆಯ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುವ ಸಾಧ್ಯತೆಯಿದೆ. ಅವನ್ನು ಒಣದಾಗಿ ತಿಕ್ಕಿ ಧೂಳು ಎಬ್ಬಿಸುವುದು ತಿಕ್ಕುವವರ ಆರೋಗ್ಯಕ್ಕೆ ನೇರ ಅಪಾಯ. ಮಾಸ್ಕು, ಕೈಗವಸು ಬೇಕು, ಮಕ್ಕಳು ಹತ್ತಿರ ಇರಬಾರದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಬೈಕುಗಳು ಈ ವಿಷಯದಲ್ಲಿ ಪ್ರತ್ಯೇಕ ಗಮನಕ್ಕೆ ಅರ್ಹ. ಕರ್ನಾಟಕದಲ್ಲಿ ಇವುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಬಹಳ ಮಂದಿ. ಹಳೆಯ ಜಾವಾದ ಮರೂನ್ ಟ್ಯಾಂಕು ಮಂಕಾದಾಗ ಮೊದಲು ಹೊಳೆಯುವ ಯೋಚನೆ ಪೂರ್ತಿ ಕೆರೆದು ಹೊಸ ಬಣ್ಣ ಹೊಡೆಸುವುದು. ಆದರೆ ಮೂಲ ಬಣ್ಣದ ಜತೆಗೇ ಅದರ ಗೆರೆಗಳು, ಅಕ್ಷರಗಳು, ಕಾರ್ಖಾನೆಯ ನಿಜವಾದ ಛಾಯೆ ಎಲ್ಲವೂ ಹೋಗುತ್ತವೆ, ಎಷ್ಟೇ ನಿಪುಣ ಪೇಂಟರ್ ಆದರೂ ಅವನ್ನು ಹಾಗೆಯೇ ಮರಳಿಸಲಾರ. ಹಳೆಯ ವಾಹನಗಳ ಸಂಗ್ರಾಹಕರು ಅಲ್ಲಲ್ಲಿ ಸವೆದ ಮೂಲ ಬಣ್ಣಕ್ಕೆ ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆ ಕೊಡುವುದು ಇದೇ ಕಾರಣಕ್ಕೆ. ಇಂಥ ಟ್ಯಾಂಕಿಗೆ ಗ್ಲೇಜ್ ಮತ್ತು ಕೈ ಪಾಲಿಶ್ ಮಾತ್ರ. ಗೆರೆ ಮತ್ತು ಅಕ್ಷರಗಳ ಮೇಲೆ ಅದೂ ಬೇಡ, ಏಕೆಂದರೆ ಅವು ಬಣ್ಣದ ಮೇಲಿರುವ ಇನ್ನೂ ತೆಳುವಾದ ಪದರ. ಪೆಟ್ರೋಲ್ ಮುಚ್ಚಳದ ಸುತ್ತ ಇಂಧನ ಚೆಲ್ಲಿ ಎದ್ದಿರುವ ಬಣ್ಣವನ್ನು ಮುಟ್ಟದೆ ಬಿಡುವುದೇ ಲೇಸು.

ಕಾಂಪೌಂಡ್ ಹಾಕಿದ ಜಾಗಕ್ಕೆ ನಯವಾದ ಪಾಲಿಶಿನ ಇನ್ನೊಂದು ಸುತ್ತು ಬೇಕು. ಕಾಂಪೌಂಡ್ ತಾನೇ ಬಿಟ್ಟ ಸೂಕ್ಷ್ಮ ಗೀರುಗಳು ಇದರಿಂದ ಹೋಗುತ್ತವೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಟಾರ್ಚ್ ಬೆಳಕಿನಲ್ಲಿ ನೋಡಿದರೆ ನಿಜ ಸ್ಥಿತಿ ತಿಳಿಯುತ್ತದೆ. ಹಲವು ಪಾಲಿಶುಗಳಲ್ಲಿ ಗೀರುಗಳನ್ನು ತುಂಬಿ ಮರೆಮಾಡುವ ಎಣ್ಣೆ, ಸಿಲಿಕೋನ್ ಇರುತ್ತವೆ. ಹಳೆಯ ಕಾರು ಮಾರುವಾಗ ಬಳಿಯುವ ಹೊಳಪು ಎಷ್ಟೋ ಸಲ ಇದೇ, ನಾಲ್ಕು ಸಲ ತೊಳೆದರೆ ಹೋಗುತ್ತದೆ. ಕೊಳ್ಳುವವರು ಬಾನೆಟ್ಟಿನ ಮೂಲೆಯೊಂದನ್ನು ಒರೆಸಿ ನೋಡುವುದು ಒಳ್ಳೆಯದು. ಮನೆಮದ್ದುಗಳೂ ಹೀಗೆಯೇ. ಸೀಮೆಎಣ್ಣೆ ಅಥವಾ ಡೀಸೆಲ್ ಸವರಿದ ಬಟ್ಟೆ ಒರಟು ಮೇಲ್ಮೈಯನ್ನು ಎಣ್ಣೆಯಿಂದ ತೇವಗೊಳಿಸಿ ಸಂಜೆಯವರೆಗೆ ಹೊಳಪು ತೋರಿಸುತ್ತದೆ, ವ್ಯಾಕ್ಸ್ ಇದ್ದರೆ ಅದನ್ನೂ ತೊಳೆದು ಹಾಕುತ್ತದೆ. ಕೊಬ್ಬರಿ ಎಣ್ಣೆ ಧೂಳನ್ನು ಕರೆತಂದು ಅಂಟಿಸಿಕೊಳ್ಳುತ್ತದೆ. ಹಲ್ಲಿನ ಪೇಸ್ಟಿನಲ್ಲಿ ಉಜ್ಜುವ ಕಣಗಳಿರುವುದು ನಿಜ, ಆದರೆ ಅವುಗಳ ಗಾತ್ರ ಹಲ್ಲಿಗೆಂದು ಮಾಡಿದ್ದು.

ಪಾಲಿಶ್ ಮುಗಿದ ಬಣ್ಣ ಹೊಸದಾಗಿ ಬಿಸಿಲಿಗೆ ತೆರೆದುಕೊಂಡಿರುತ್ತದೆ. ಅದನ್ನು ಹಾಗೇ ಬಿಟ್ಟರೆ, ಒಂದೇ ಪದರದ ಬಣ್ಣವಾದರಂತೂ, ಕೆಲವೇ ತಿಂಗಳಲ್ಲಿ ಮತ್ತೆ ಮಂಕು ಹತ್ತುತ್ತದೆ. ಹೊದಿಕೆಗಳಲ್ಲಿ ಹಳೆಯದು ಕಾರ್ನೋಬಾ ವ್ಯಾಕ್ಸ್. ಈಶಾನ್ಯ ಬ್ರೆಜಿಲಿನ ತಾಳೆ ಜಾತಿಯ ಮರವೊಂದರ ಎಲೆಯಿಂದ ಬರುವ ಇದು 80 ಡಿಗ್ರಿಗೂ ಮೇಲೆ ಕರಗುವ ಗಟ್ಟಿ ಮೇಣ. ಹಳೆಯ ಬಣ್ಣಕ್ಕೆ ಆಳವಾದ ಕಳೆ ಕೊಡುತ್ತದೆ, ಆದರೆ ನಮ್ಮ ಬಿಸಿಲು ಮಳೆಯಲ್ಲಿ ಒಂದೆರಡು ತಿಂಗಳಿಗೆ ಮತ್ತೆ ಹಚ್ಚಬೇಕು. ಸಿಂಥೆಟಿಕ್ ಸೀಲೆಂಟುಗಳು ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತವೆ. ಸಿಲಿಕಾ ಆಧಾರದ ಸೆರಾಮಿಕ್ ಕೋಟಿಂಗ್ ಒಂದೆರಡು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಹೆಚ್ಚು, ಬಾಳುತ್ತದೆ. ಕಲ್ಲೇಟು, ಬೀಗದ ಕೈಯ ಗೀರುಗಳನ್ನು ಅದು ತಡೆಯುವುದಿಲ್ಲ, ಕೆಳಗಿನ ಬಣ್ಣದ ದೋಷವನ್ನು ಸರಿಪಡಿಸುವುದೂ ಇಲ್ಲ. ದೋಷವಿರುವಂತೆಯೇ ಕೋಟಿಂಗ್ ಹಾಕಿದರೆ ಅದನ್ನು ಅಡಿಯಲ್ಲಿ ಮುಚ್ಚಿ ಹಾಕಿದಂತೆ. ಹೊಸ ಕಾರಿನ ಜತೆ ಮಾರುವ ಟೆಫ್ಲಾನ್ ಕೋಟಿಂಗಿನ ಮೇಲೆ ದೊಡ್ಡ ನಂಬಿಕೆ ಇಡಬೇಕಿಲ್ಲ. ಟೆಫ್ಲಾನ್ ಬಾಣಲೆಗೆ ಗಟ್ಟಿಯಾಗಿ ಕೂರುವುದು 300 ಡಿಗ್ರಿಗೂ ಮೀರಿದ ಶಾಖದಲ್ಲಿ ಕಾಯಿಸಿದಾಗ. ಕಾರಿನ ಬಣ್ಣವನ್ನು ಅಷ್ಟು ಕಾಯಿಸಲಾಗದು. ಇಪ್ಪತ್ತು ವರ್ಷದ ಸಾದಾ ಬಣ್ಣದ ಕಾರಿಗೆ ಒಳ್ಳೆಯ ವ್ಯಾಕ್ಸ್ ಅಥವಾ ಸೀಲೆಂಟ್ ಸಾಕು, ದುಬಾರಿ ಕೋಟಿಂಗಿನ ಅಗತ್ಯವಿಲ್ಲ.

ಕ್ಲಿಯರ್ ಕೋಟ್ ಸುಲಿದ, ಪ್ರೈಮರ್ ಕಂಡ, ತುಕ್ಕು ಎದ್ದ ಭಾಗಗಳಿಗೆ ಮತ್ತೆ ಬಣ್ಣ ಹೊಡೆಸುವುದೇ ದಾರಿ. ಇಡೀ ವಾಹನಕ್ಕೆ ಹೊಡೆಸಬೇಕಿಲ್ಲ; ಬಾನೆಟ್ಟು, ಟಾಪು ಎಂದು ಭಾಗಭಾಗವಾಗಿ ಮಾಡಿಸಬಹುದು. ಉಳಿದ ಭಾಗಗಳಿಗೆ ಮೊದಲೇ ಪಾಲಿಶ್ ಮಾಡಿಸಿ, ಅವುಗಳ ನಿಜವಾದ ಬಣ್ಣ ಹೊರಬಂದ ಮೇಲೆ ಅದಕ್ಕೆ ಹೊಂದಿಸಿ ಬಣ್ಣ ಕಲಸಬೇಕು. ಮಂಕು ಬಣ್ಣಕ್ಕೆ ಹೊಂದಿಸಿದರೆ ಮುಂದೆ ಎರಡೂ ಬೇರೆಯಾಗಿ ಕಾಣುತ್ತವೆ. ಹಾರ್ಡನರ್ ಬೆರೆಸಿದ ಬಣ್ಣದಲ್ಲಿ ಐಸೊಸಯನೇಟ್ ಎಂಬ, ಶ್ವಾಸಕೋಶಕ್ಕೆ ಹಾನಿ ಮಾಡುವ ರಾಸಾಯನಿಕ ಇರುವುದರಿಂದ ಮನೆಯಂಗಳದಲ್ಲಿ ಬಟ್ಟೆ ಕಟ್ಟಿಕೊಂಡು ಸ್ಪ್ರೇ ಮಾಡುವ ಸಾಹಸ ಬೇಡವೇ ಬೇಡ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕಾಗುತ್ತದೆ; ಹಳೆಯ ಕಾರುಗಳು ಪೇಂಟಿಂಗಿಗೆ ಬರುವುದು ಬಹುಪಾಲು ಆ ಹೊತ್ತಿಗೇ. ವಾಹನದ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಬೇರೆ ಬಣ್ಣಕ್ಕೆ ಬದಲಿಸುವವರು ಆರ್‌ಟಿಒ ಕಚೇರಿಯಲ್ಲಿ ಅದನ್ನು ದಾಖಲಿಸಿಕೊಳ್ಳಬೇಕು. ಅದೇ ಬಣ್ಣ ಹೊಡೆಸಿದರೆ, ಬರೀ ಪಾಲಿಶ್ ಮಾಡಿಸಿದರೆ ಈ ಪ್ರಶ್ನೆ ಬರುವುದಿಲ್ಲ.

ಮರಳಿ ಬಂದ ಹೊಳಪನ್ನು ಬೇಗ ಕೆಡಿಸುವುದು ಬಿಸಿಲಿಗಿಂತಲೂ ದಿನದಿನದ ಒರೆಸಾಟ. ಬೆಳಗ್ಗೆ ಒಂದೇ ಬಕೆಟ್ ನೀರು, ಒಂದೇ ಹಳೆಯ ಬಟ್ಟೆಯಲ್ಲಿ ಬೀದಿಯ ನಾಲ್ಕಾರು ಕಾರು ಒರೆಸುವ ಪದ್ಧತಿ ನಗರಗಳಲ್ಲೆಲ್ಲ ಇದೆ. ಮೂರನೆಯ ಕಾರಿನ ಹೊತ್ತಿಗೆ ಆ ಬಟ್ಟೆಯಲ್ಲಿ ಮರಳು ತುಂಬಿರುತ್ತದೆ. ಬಿಸಿಲಿನಲ್ಲಿ ನೋಡಿದಾಗ ಕಾಣುವ ಜೇಡರಬಲೆಯಂಥ ಗೀರುಗಳು ಹುಟ್ಟುವುದು ಅಲ್ಲಿಂದಲೇ. ದಿನಾ ಒರೆಸುವುದನ್ನು ನಿಲ್ಲಿಸಿ, ವಾರಕ್ಕೋ ಹದಿನೈದು ದಿನಕ್ಕೋ ಸರಿಯಾಗಿ ತೊಳೆಯುವುದು ಬಣ್ಣಕ್ಕೆ ಹಿತ. ಹಕ್ಕಿಯ ಹಿಕ್ಕೆ ಮಾತ್ರ ಕಂಡ ಕೂಡಲೇ ಹೋಗಬೇಕು. ಅದರ ಯೂರಿಕ್ ಆಮ್ಲ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಬಣ್ಣವನ್ನು ತಿನ್ನಬಲ್ಲದು. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಇಟ್ಟು, ಮೆತ್ತಗಾದ ಮೇಲೆ ಎತ್ತಬೇಕು, ಉಜ್ಜಬಾರದು. ಮಾವಿನ ಮರದ ಕೆಳಗೆ ಬೀಳುವ ಅಂಟು, ಗಸಗಸೆ ಹಣ್ಣಿನ ಮರಕ್ಕೆ ಬರುವ ಬಾವಲಿಗಳ ಹಿಕ್ಕೆ ಎರಡೂ ಬಣ್ಣಕ್ಕೆ ಕೆಟ್ಟವು. ನೆರಳಿನ ಆಸೆಗೆ ಅಲ್ಲಿ ನಿಲ್ಲಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಧೂಳು ಕೂತ ಕಾರಿಗೆ ಕವರ್ ಹೊದಿಸಿದರೆ ಗಾಳಿಗೆ ಆ ಧೂಳೇ ಮೈಯನ್ನು ತಿಕ್ಕುತ್ತದೆ. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಒದ್ದೆ ಕವರಿನ ಅಡಿ ತೇವ ನಿಂತು ಗುಳ್ಳೆ ಏಳುವುದೂ ಉಂಟು. ತೊಳೆದು ಒಣಗಿಸಿದ ವಾಹನಕ್ಕೆ ಮಾತ್ರ, ಗಾಳಿಯಾಡುವ ಬಟ್ಟೆಯ ಕವರ್ ಹಾಕಬೇಕು.

ತೊಳೆಯುವಾಗ ನೀರು ಮಣಿಮಣಿಯಾಗಿ ನಿಂತು ಉರುಳಿ ಹೋಗುತ್ತಿದ್ದರೆ ವ್ಯಾಕ್ಸ್ ಇನ್ನೂ ಉಳಿದಿದೆ. ಮಣಿಗಟ್ಟದೆ ಹರಡಿಕೊಂಡು ಅಲ್ಲೇ ನಿಂತರೆ ಅದು ಸವೆದಿದೆ. ಆಗ ಹಚ್ಚಬೇಕಾದದ್ದು ಇನ್ನೊಂದು ಕೈ ವ್ಯಾಕ್ಸ್ ಮಾತ್ರ, ಕಾಂಪೌಂಡ್ ಅಲ್ಲ.